ಕುಡಿತ ಬಿಡಿಸುವ ಮೀಟಿಂಗಿಗೆ ಹೋಗೋದು ಹೇಗೆ?

ಹಾಡಹಗಲೇ ಬಾರ್ ಮುಂದೆ ಬೈಕ್ ನಿಲ್ಲಿಸೋಕೆ ಅಂಜದವರೂ ಮೀಟಿಂಗಿಗೆ ಹೋಗಿ ಅಂದರೆ, 'ಯಾರರ ನೋಡಿದ್ರ ಏನ್ ಮಾಡೋದ್ರಿ?' ಅಂತ ಕೇಳುತ್ತಾರೆ. ನಗಬೇಡಿ, ಈ ಅಂಜಿಕೆಯಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಮುಂದೂಡುತ್ತಾರೆ. ಇದಕ್ಕೆ ಸುಲಭದ ದಾರಿ ಇದೆ. ಅದಕ್ಕೆ ಆಮೇಲೆ ಬರೋಣ.

ಇಲ್ಲಿ ಮೀಟಿಂಗ್ ಅಂದರೆ ಮುಖ್ಯವಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಕರೆಯೋದು ಎ.ಎ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಶುರು ಮಾಡಿದ ಇಬ್ಬರೂ ಕುಡಿತದಿಂದ ಬೆಂದವರೇ, ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಡಾಕ್ಟರು. ಸೇರೋಕೆ ಇರೋದು ಒಂದೇ ಅರ್ಹತೆ, ಕುಡಿತ ಬಿಡಬೇಕು ಅನ್ನೋ ಆಸೆ. ಫೀ ಇಲ್ಲ, ಆಧಾರ್ ಕಾರ್ಡ್ ಕೇಳೋದಿಲ್ಲ.

ಆದರೆ ಮೀಟಿಂಗ್ ಹುಡುಕೋಕೆ ಮುಂಚೆ ಒಂದು ಕೆಲಸ. ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರನ್ನು ನೋಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಅನ್ನೋ ಸರ್ಕಾರಿ ಆಸ್ಪತ್ರೆ ಇದೆ, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. ಡಿಮ್ಹಾನ್ಸ್‌ನ 'ಹುಚ್ಚಾಸ್ಪತ್ರೆ' ಅನ್ನೋ ಹಳೆ ಹೆಸರು ನೆನೆಸಿಕೊಂಡು ಗೇಟಿನಿಂದಲೇ ವಾಪಸ್ ಬರಬೇಡಿ. ಔಷಧಿ ದೇಹದ ನಡುಕ ಇಳಿಸುತ್ತದೆ, ಮೀಟಿಂಗ್ ಆಮೇಲಿನ ಸಂಜೆಗಳನ್ನು ದಾಟಿಸುತ್ತದೆ. ಎರಡೂ ಬೇಕು. 'ಮೀಟಿಂಗಿಗೆ ಹೊಂಟೇನಿ, ಗುಳಿಗಿ ಯಾಕ?' ಅಂತ ಔಷಧಿ ನಿಲ್ಲಿಸೋದು ದೊಡ್ಡ ತಪ್ಪು.

ಈಗ ಹುಡುಕೋದು. ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಸಂಪರ್ಕದ ನಂಬರ್ ಸಿಗುತ್ತದೆ. ಆಸ್ಪತ್ರೆಯ ಮನೋರೋಗ ವಿಭಾಗದ ಕೌನ್ಸೆಲರ್‌ಗಳಿಗೂ ಊರಿನ ಗುಂಪುಗಳ ಮಾಹಿತಿ ಇರುತ್ತದೆ, ಕೇಳಿ. ಯಾರೂ ಸಿಗದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಅಥವಾ ಟೆಲಿ ಮಾನಸ್ 14416. ಎರಡೂ ಉಚಿತ, ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಇಡೀ ಕಥೆ ಹೇಳಬೇಕಾಗಿಲ್ಲ. 'ಕುಡಿತ ಬಿಡಬೇಕಾಗೇತ್ರಿ, ಹತ್ತಿರದ ಮೀಟಿಂಗ್ ಎಲ್ಲಿ?' ಅಂದರೆ ಸಾಕು. ಯಾವ ದಿನ, ಎಷ್ಟು ಗಂಟೆಗೆ, ಕನ್ನಡದಲ್ಲಿ ನಡೆಯುತ್ತಾ, ಓಪನ್ನೋ ಕ್ಲೋಸ್ಡೋ, ಇಷ್ಟು ಕೇಳಿ ಬರೆದುಕೊಳ್ಳಿ. ಓಪನ್ ಆದರೆ ಹೆಂಡತಿಯನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಬಹುದು, ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಎಷ್ಟನೇ ಮಹಡಿ, ಯಾವ ಬಾಗಿಲು ಅಂತಲೂ ಕೇಳಿಬಿಡಿ. ಹೊರಗೆ ದೊಡ್ಡ ಬೋರ್ಡ್ ಇರೋದು ಕಡಿಮೆ, ದಾರಿ ತಪ್ಪಿದ ನೆಪಕ್ಕೇ ಮನೆಗೆ ತಿರುಗಿದವರು ಉಂಟು.

ಮಂದಿ ನೋಡುವ ಮಾತಿಗೆ ಬರೋಣ. ಧಾರವಾಡದವರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಮೀಟಿಂಗಿಗೆ ಹೋಗಿ, ಹುಬ್ಬಳ್ಳಿಯವರು ಧಾರವಾಡದಲ್ಲಿ ವಿಚಾರಿಸಿ. ಗದಗ, ಹಾವೇರಿಯವರಿಗೆ ಹುಬ್ಬಳ್ಳಿಗೆ ರೈಲಿದೆ, ಬಸ್ಸಿದೆ. ಅಂಜಿಕೆ ಕಳೆದ ಮೇಲೆ ಊರಲ್ಲೇ ಇರುವ ಗುಂಪಿಗೆ ಬಂದರಾಯಿತು. ಆನ್‌ಲೈನ್ ಮೀಟಿಂಗೂ ಇರುತ್ತವೆ, ಸೇರುವ ಮುಂಚೆ ಝೂಮ್‌ನಲ್ಲಿ ಹೆಸರು ಬದಲಿಸಿ, ಇಲ್ಲದಿದ್ದರೆ ಮನೆತನದ ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತದೆ. ಆದರೆ ನನ್ನ ಮಟ್ಟಿಗೆ ಎದುರಾಬದುರು ಕೂರೋದೇ ವಾಸಿ. ಸಮಯ ಆರಿಸುವಾಗ, ನೀವು ದಿನಾ ಎಷ್ಟು ಗಂಟೆಗೆ ಬಾಟಲಿ ಹಿಡಿಯುತ್ತಿದ್ದಿರೋ ಆ ಹೊತ್ತಿನ ಮೀಟಿಂಗ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಒಳಗೆ ಹೋದರೆ ಏನಾಗುತ್ತೆ? ಶಾಲೆಯ ಕೋಣೆಯೋ ಚರ್ಚಿನ ಹಾಲೋ, ಒಂದಿಷ್ಟು ಕುರ್ಚಿ, ಹೆಚ್ಚೆಂದರೆ ಒಂದೂವರೆ ತಾಸು. ಚರ್ಚಿನ ಹಾಲ್ ಅಂದ ಮಾತ್ರಕ್ಕೆ ಧರ್ಮದ ಸಭೆ ಅಲ್ಲ. ಕುಡಿತ ಬಿಡೋಕೆ ಎ.ಎ. ಹೇಳುವ 12 ಮೆಟ್ಟಿಲುಗಳನ್ನು ಓದುವಾಗ ದೇವರ ಮಾತು ಬರುತ್ತದೆ ನಿಜ, ಆದರೆ ಅವರವರು ತಿಳಿದಂತೆ. ಒಬ್ಬರಿಗೆ ಸಿದ್ಧಾರೂಢ ಅಜ್ಜ, ಇನ್ನೊಬ್ಬರಿಗೆ ಆ ಕೋಣೆಯಲ್ಲಿ ಕೂತ ಮಂದಿಯೇ. ಒಬ್ಬೊಬ್ಬರಾಗಿ ಹೆಸರು ಹೇಳಿ ತಮ್ಮ ಪಾಡು ಹೇಳಿಕೊಳ್ಳುತ್ತಾರೆ, ಅದಕ್ಕೆ ಶೇರಿಂಗ್ ಅಂತಾರೆ. ನಡುವೆ ಯಾರೂ ಬಾಯಿ ಹಾಕೋದಿಲ್ಲ, ಬುದ್ಧಿ ಹೇಳೋದಿಲ್ಲ. ಜೀವಮಾನವಿಡೀ ಬುದ್ಧಿಮಾತು ಕೇಳಿ ಸಾಕಾದವರಿಗೆ ಇದೇ ದೊಡ್ಡ ಸಮಾಧಾನ! ನಿಮ್ಮ ಸರದಿ ಬಂದಾಗ 'ಇವತ್ತ ಬರೇ ಕೇಳ್ತೀನ್ರಿ' ಅನ್ನಿ, ಯಾರೂ ಒತ್ತಾಯ ಮಾಡೋದಿಲ್ಲ. ಕೊನೆಗೆ ಚೀಲವೋ ಡಬ್ಬಿಯೋ ಬರುತ್ತದೆ, ಹತ್ತು ರೂಪಾಯಿ ಹಾಕಿ, ಇಲ್ಲವೇ ಸುಮ್ನೆ ಮುಂದೆ ದಾಟಿಸಿ.

ಮುಗಿದ ತಕ್ಷಣ ಓಡಬೇಡಿ. ಚಹಾ ಇದ್ದರೆ ಕುಡಿಯಿರಿ, ಹಳಬರೊಬ್ಬರ ನಂಬರ್ ತಗೊಳ್ಳಿ. ಕುಡಿಯಬೇಕು ಅನ್ನಿಸಿದಾಗ, ಕುಡಿಯೋಕೆ ಮುಂಚೆ, ಅವರಿಗೆ ಫೋನ್ ಮಾಡಬೇಕು. ಮುಂದೆ ಅಂಥವರಲ್ಲೇ ಒಬ್ಬರನ್ನು ಸ್ಪಾನ್ಸರ್ ಆಗಿ, ಅಂದರೆ ನನ್ನ ಕೈ ಹಿಡಿದು ದಾರಿ ತೋರಿಸಿ, ಅಂತ ಕೇಳಬಹುದು. ಮೊದಲ ಮೀಟಿಂಗ್ ಹಿಡಿಸಲಿಲ್ಲವೇ? ನಾಲ್ಕೈದು ಸಲ ಹೋಗಿ ನೋಡಿ, ಬೇರೆ ಗುಂಪು ನೋಡಿ.

ಹಳ್ಳಿಯವರಿಗೆ ಇನ್ನೊಂದು ದಾರಿ ಉಂಟು. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ನಮ್ಮ ಜಿಲ್ಲೆಗಳಲ್ಲೂ ನಡೆಯುತ್ತವೆ, ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಗುಂಪು ಕಟ್ಟಿಕೊಂಡು ಆಮೇಲೂ ಸೇರುತ್ತಾರೆ. ನಿಮ್ಮೂರಿನ ಸ್ವಸಹಾಯ ಸಂಘದ ಅಕ್ಕನನ್ನು ಕೇಳಿದರೆ ಗೊತ್ತಾಗುತ್ತದೆ.

ಮನೆಯವರಿಗೆ ಬೇರೆಯೇ ಗುಂಪಿದೆ, ಅಲ್-ಅನಾನ್. ಕುಡಿಯುವವರು ಒಪ್ಪದಿದ್ದರೂ ನೀವು ಹೋಗಬಹುದು, ಅವರ ಅಪ್ಪಣೆ ಏನೂ ಬೇಕಿಲ್ಲ.

ಹುಬ್ಬಳ್ಳಿಯವರಿಗೊಂದು ಕಿವಿಮಾತು: ಹೋಳಿ ಹಬ್ಬದಲ್ಲಿ ಕಾಮಣ್ಣನನ್ನು ಕೂಡಿಸಿದ ದಿನದಿಂದ ರಂಗಪಂಚಮಿ ಮುಗಿಯುವವರೆಗೆ ಗೆಳೆಯರು ಕುಡಿಯೋಕೆ ಕರೆಯದೆ ಬಿಡೋದಿಲ್ಲ. ಆ ವಾರದ ಮೀಟಿಂಗುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಬಣ್ಣದ ದಿನ ಯಾರ ಜೊತೆ ಇರಬೇಕು ಅನ್ನೋದನ್ನೂ.