ಹೆಸರೆತ್ತದೆ ಹಳಿಯುವ ಮಾತು: ಗುರುತಿಸುವುದು ಹೇಗೆ?

‘ಬಾಡಿಗೆಗೆ ಮನೆ ಕೊಡುವವರು ಸ್ವಲ್ಪ ಯೋಚಿಸಿ. ಪೇಟೆಯಲ್ಲಿ “ಅತಿಥಿಗಳು” ಜಾಸ್ತಿಯಾಗಿದ್ದಾರೆ. ಒಂದೇ ಕೋಣೆಯಲ್ಲಿ ಎಂಟು ಜನ. ಹೆಚ್ಚು ಹೇಳುವುದಿಲ್ಲ, ಅರ್ಥವಾಗುವವರಿಗೆ ಅರ್ಥವಾಗುತ್ತದೆ.’ ಕೊನೆಗೊಂದು ಜಿರಳೆಯ ಚಿತ್ರ.

ಇದು ಮಾದರಿಗೆಂದು ಹೆಣೆದ ಸಂದೇಶ. ಆದರೆ ನಮ್ಮ ಕಾಸರಗೋಡಿನ ಮಂಜೇಶ್ವರದಿಂದ ನೀಲೇಶ್ವರದವರೆಗೆ ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದರೂ ಯಾರೂ ಬೆಚ್ಚಿಬೀಳಲಾರರು. ಬೈಗುಳವಿಲ್ಲ, ಜನಾಂಗದ ಹೆಸರಿಲ್ಲ, ರಾಜ್ಯದ ಹೆಸರೂ ಇಲ್ಲ. ಆದರೂ ಒಡಿಶಾ, ಬಿಹಾರ, ಅಸ್ಸಾಂ, ಬಂಗಾಳದಿಂದ ಕೆಂಪುಕಲ್ಲಿನ ಕ್ವಾರಿಗೋ ಕಟ್ಟಡದ ಕೆಲಸಕ್ಕೋ ಬಂದವರ ಬಗ್ಗೆ ಬರೆದದ್ದೆಂದು ಎಲ್ಲರಿಗೂ ಗೊತ್ತು. ಕೇರಳ ಸರ್ಕಾರ ಅವರನ್ನು ಕರೆಯುವುದೇ ‘ಅತಿಥಿ ತೊಳಿಲಾಳಿ’, ಅಂದರೆ ಅತಿಥಿ ಕಾರ್ಮಿಕ, ಎಂದು. ಗೌರವಕ್ಕೆಂದು ತಂದ ಆ ಪದ, ಉದ್ಧರಣ ಚಿಹ್ನೆಯೊಳಗೆ ಹೊಕ್ಕ ಕೂಡಲೇ ಹಂಗಿಸುವ ಮಾತಾಗಿದೆ.

ಹೀಗೆ ಹೆಸರೆತ್ತದೆ ಹಳಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಡಾಗ್ ವಿಸಲ್’, ಅಂದರೆ ನಾಯಿಯನ್ನು ಕರೆಯುವ ಸೀಟಿ, ಎಂದು ಹೆಸರು. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ, ನಾಯಿಗೆ ಸುಮಾರು 45,000ದವರೆಗೆ. ಅದರ ನಡುವೆ ಊದಿದ ಸೀಟಿ ನಾಯಿಗಷ್ಟೇ ಗೊತ್ತಾಗುತ್ತದೆ. ನಮ್ಮ ಕೊಂಕುಮಾತಿಗೂ ಇದಕ್ಕೂ ವ್ಯತ್ಯಾಸವಿದೆ. ಕೊಂಕು ಯಾರನ್ನು ಚುಚ್ಚಬೇಕೋ ಅವರ ಕಿವಿಗೇ ಬೀಳಬೇಕು. ಇದು ಬೀಳಬೇಕಾದದ್ದು ಜತೆಗಾರರ ಕಿವಿಗೆ. ಕೇಳಲು ಹೋದರೆ ಉತ್ತರ ಸಿದ್ಧವಾಗಿರುತ್ತದೆ: ಕುಂಬಳಕಾಯಿ ಕಳ್ಳ ಅಂದರೆ ನೀವ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಿ? ಪಾಪ, ಈ ಗಾದೆಯಷ್ಟು ದುರುಪಯೋಗವಾದದ್ದು ಬೇರೊಂದಿಲ್ಲ.

ಮೊದಲ ಕೆಲಸ, ಸಂದೇಶವನ್ನು ಹಿಡಿದಿಡುವುದು. ಗುಂಪಿನ ಹೆಸರು, ಕಳಿಸಿದವರ ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹಿಂದಿನ ಹತ್ತು, ಮುಂದಿನ ಹತ್ತು ಸಂದೇಶಗಳೂ ಅದರಲ್ಲಿರಲಿ, ಏಕೆಂದರೆ ಗೂಢಾರ್ಥ ಬಿಚ್ಚಿಕೊಳ್ಳುವುದು ಕೆಳಗೆ ಬೀಳುವ ನಗುಮುಖ, ‘ಸರಿಯಾಗಿ ಹೇಳಿದಿರಿ’ಗಳಲ್ಲಿ. ಕಳಿಸಿದವರು ಸುಮಾರು ಎರಡು ದಿನದೊಳಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ತಾನಾಗಿ ಮಾಯವಾಗುವ ಸಂದೇಶದ ಗುಂಪಾದರೆ 24 ಗಂಟೆಯೇ ಅವಧಿಯಾಗಿರಬಹುದು. ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಕಳಿಸಿದವರೇ ಬರೆದದ್ದೆಂಬ ತೀರ್ಮಾನಕ್ಕೆ ಹಾರಬೇಡಿ.

ಆಮೇಲೆ, ತನ್ನ ಮಾಮೂಲಿ ಕೆಲಸ ಮಾಡದೆ ಸುಮ್ಮನೆ ಕೂತ ಪದವನ್ನು ಹುಡುಕಿ. ಉದ್ಧರಣ ಚಿಹ್ನೆ, ಬೇಕೆಂದೇ ಕೆಡಿಸಿದ ಕಾಗುಣಿತ, ಅಕ್ಷರಗಳ ನಡುವೆ ಚುಕ್ಕಿ, ವಿಷಯಕ್ಕೆ ಸಂಬಂಧವಿಲ್ಲದ ಚಿತ್ರ ಅಥವಾ ಸಂಖ್ಯೆ. ಪಾಶ್ಚಾತ್ಯ ಜನಾಂಗದ್ವೇಷಿಗಳಲ್ಲಿ 88 ಎಂದರೆ ಹಿಟ್ಲರನಿಗೆ ಜೈಕಾರ. ಇಂಗ್ಲಿಷ್ ವರ್ಣಮಾಲೆಯ 8ನೇ ಅಕ್ಷರ H ಎರಡು ಸಲ, ಅಂದರೆ ‘ಹೈಲ್ ಹಿಟ್ಲರ್’. 2016ರಲ್ಲಿ ಅವರು ಯಹೂದಿಗಳ ಹೆಸರಿನ ಎರಡೂ ಬದಿಗೆ ಮೂರು ಮೂರು ಆವರಣ ಚಿಹ್ನೆ ಹಾಕಿ ಗುರಿ ತೋರಿಸುತ್ತಿದ್ದರು. ಅದೇ ವರ್ಷ ಬೈಗುಳ ಸೋಸುವ ಯಂತ್ರದ ಕಣ್ಣು ತಪ್ಪಿಸಲು ಕಪ್ಪು ಜನರಿಗೆ ‘ಗೂಗಲ್’ ಎಂದು ಬರೆದರು. ಪದಗಳ ಪಟ್ಟಿ ಮಾಡಿಟ್ಟುಕೊಂಡು ಪ್ರಯೋಜನವಿಲ್ಲದಿರುವುದು ಇದಕ್ಕೇ. ಪಟ್ಟಿ ಮುಗಿಯುವಷ್ಟರಲ್ಲಿ ಪದ ಬದಲಾಗಿರುತ್ತದೆ.

ಮೂರನೆಯದೇ ನಿಜವಾದ ಪರೀಕ್ಷೆ: ಅದಲುಬದಲು. ಮೇಲಿನ ಸಂದೇಶದ ‘ಅತಿಥಿಗಳು’ ಇದ್ದಲ್ಲಿ ‘ದುಬೈಗೆ ಹೋದ ನಮ್ಮ ಕಾಸರಗೋಡಿನ ಹುಡುಗರು’ ಎಂದು ಹಾಕಿ ಓದಿ. ಒಂದೇ ಕೋಣೆಯಲ್ಲಿ ಎಂಟು ಜನ ಎಂಬುದು ಆಗ ಕೊಳಕಿನ ಲಕ್ಷಣವಲ್ಲ, ದುಬಾರಿ ಬಾಡಿಗೆಯ ಕಷ್ಟ. ಸಂಗತಿ ಒಂದೇ, ತೀರ್ಪು ಎರಡು. ಹೀಗಾದರೆ ಮಾತಿನ ಗುರಿ ಕೋಣೆಯಲ್ಲ, ಕೋಣೆಯಲ್ಲಿರುವವರ ಹುಟ್ಟು. ಇನ್ನೊಂದು ಕಡೆಯಿಂದಲೂ ನೋಡಬೇಕು. ‘ಬಂಗಾಳಿ ಮೇಸ್ತ್ರಿ ನಾಳೆ ಬರುತ್ತಾರೆ’ ಎಂಬಲ್ಲಿ ಮೇಸ್ತ್ರಿ ಒಡಿಶಾದವರೇ ಇರಬಹುದು. ಅದು ಅಸಡ್ಡೆ, ತಿದ್ದಿದರೆ ಸಾಕು. ‘ಬಂಗಾಳಿಗಳು ಬಂದ ಮೇಲೆ ಊರು ಊರಾಗಿ ಉಳಿದಿಲ್ಲ’ ಎಂಬಲ್ಲಿ ಬಂಗಾಳಿ ಒಂದು ಭಾಷೆಯ ಹೆಸರಾಗಿ ಉಳಿದಿಲ್ಲ. ಏಕವಚನ ಬಹುವಚನವಾದದ್ದನ್ನು, ಒಬ್ಬರ ಕೆಲಸ ಹೋಗಿ ಒಂದು ಜನವೇ ಬಂದದ್ದನ್ನು ಗಮನಿಸಿ.

ಬಳಿಕ ಹೋಲಿಕೆಗಳು. ಜಿರಳೆ, ಗೆದ್ದಲು, ರೋಗ, ಪ್ರವಾಹ. ‘ತಮಾಷೆಗೆ ಹಾಕಿದ್ದು’ ಎಂಬ ಸಮಜಾಯಿಷಿ ಇಲ್ಲಿ ಸಲ್ಲದು. ಆಫ್ರಿಕಾದ ರುವಾಂಡಾದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು ‘ಇನ್ಯೆಂಜಿ’, ಅಂದರೆ ಜಿರಳೆ, ಎಂದು ಕರೆದೇ 1994ರ ನರಮೇಧಕ್ಕೆ ಜನರನ್ನು ಹುರಿದುಂಬಿಸಿತ್ತು.

ತಪ್ಪಾಗುವುದು ಎಲ್ಲಿ? ನಮ್ಮ ನೆಲದಲ್ಲಿ ಹೆಚ್ಚಾಗಿ ಭಾಷೆ ದಾಟುವಾಗ. ‘ಪಾಂಡಿ’ ಕನ್ನಡದವರಿಗೆ ಏನೂ ಅನ್ನಿಸದ ಪದ. ಮಲಯಾಳದಲ್ಲಿ ಅದು ತಮಿಳರನ್ನು ಹೀಗಳೆಯುವ ಮಾತು. ‘ಬ್ಯಾರಿ’ ಒಂದು ಸಮುದಾಯದ, ಭಾಷೆಯ ಹೆಸರು. ಅವರು ಅಭಿಮಾನದಿಂದ ಹೇಳಿಕೊಳ್ಳುವ ಅದನ್ನೇ ಇನ್ನೊಬ್ಬರು ಮೂಗು ಮುರಿದು ಹೇಳಬಹುದು. ‘ಕೊರಗ’ ಎಂಬ ಆದಿವಾಸಿ ಸಮುದಾಯದ ಹೆಸರಿನಲ್ಲೂ ತಪ್ಪಿಲ್ಲ, ಯಾರದೋ ಮೈಬಣ್ಣ ಆಡಿಕೊಳ್ಳಲು ಬಳಸಿದಾಗ ತಪ್ಪು. 88 ಬರೀ ಹುಟ್ಟಿದ ವರ್ಷವೂ ಇರಬಹುದು. ಆದ್ದರಿಂದ ಒಂದೇ ಸಂದೇಶದ ಮೇಲೆ ತೀರ್ಮಾನ ಬೇಡ. ಅದೇ ವ್ಯಕ್ತಿ ಅದೇ ಜನರ ಬಗ್ಗೆ ಮೂರು ನಾಲ್ಕು ಸಲ ಹೀಗೇ ಬರೆದಿದ್ದಾರೆಯೇ ಎಂದು ಹಿಂದಕ್ಕೆ ಹೋಗಿ ನೋಡಿ. ಧ್ವನಿ ಸಂದೇಶವಾದರೆ ಆ ಭಾಷೆ ಮನೆಮಾತಾಗಿರುವ ಒಬ್ಬರಿಗೆ ಕೇಳಿಸಿ.

ಅನುಮಾನ ಗಟ್ಟಿಯಾದರೆ ‘ನೀವು ಜನಾಂಗದ್ವೇಷಿ’ ಎಂದು ಶುರುಮಾಡಬೇಡಿ, ಜಗಳ ನಿಮ್ಮ ಮೇಲೆ ತಿರುಗುತ್ತದೆ. ‘ಅತಿಥಿಗಳು ಅಂದರೆ ಯಾರು ಮಾಷ್ಟ್ರೇ? ನನಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿ’ ಎಂದು ಎಲ್ಲರೆದುರು ಕೇಳಿ. ಹೆಸರು ಹೇಳಿದರೆ ಮುಸುಕು ಹೋಯಿತು. ಹೇಳದಿದ್ದರೆ ಸಂದೇಶ ಅಲ್ಲಿಗೇ ನಿಂತಿತು.

ಬೆದರಿಕೆ, ಓಡಿಸುವ ಕರೆ ಇದ್ದರೆ ದಾರಿ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಒತ್ತಿದರೆ ಅವರ ಕೊನೆಯ ಐದು ಸಂದೇಶ ಕಂಪನಿಗೆ ಹೋಗುತ್ತದೆ, ಅವರಿಗೆ ಸುಳಿವು ಸಿಗುವುದಿಲ್ಲ. ಧರ್ಮ, ಜನಾಂಗ, ಹುಟ್ಟೂರು, ಭಾಷೆ, ಜಾತಿಯ ಹೆಸರಲ್ಲಿ ವೈರ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ, ಫೋನಿನಲ್ಲಿ ಬರೆದರೂ ಅಷ್ಟೇ. ಠಾಣೆಗೆ ಹೋಗುವಾಗ ಸ್ಕ್ರೀನ್‌ಶಾಟ್‌ನ ಪ್ರಿಂಟ್ ಜತೆ ಆ ಸಂದೇಶವಿರುವ ಫೋನನ್ನೂ ಒಯ್ಯಿರಿ. ಸಂದೇಶ ಮಲಯಾಳ ಅಥವಾ ತುಳುವಿನಲ್ಲಿದ್ದರೆ ಗೂಢಪದ ಯಾವುದು, ಅದರ ಮೇಲರ್ಥ, ಒಳಅರ್ಥ ಏನು ಎಂದು ಒಂದೆರಡು ಸಾಲಿನಲ್ಲಿ ದೂರಿನಲ್ಲೇ ಬರೆದುಕೊಡಿ.