ಉಚಿತ ಆ್ಯಂಟಿವೈರಸ್: ಹಾಕುವ ಮೊದಲು ತೆಗೆಯುವುದು ಹೇಗೆ?

ಹಾಸನದ ಬಿ.ಎಂ. ರಸ್ತೆಯಿರಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಿರಲಿ, ‘ತುಂಬಾ ಸ್ಲೋ ಆಗಿದೆ, ವೈರಸ್ ಇರಬೇಕು’ ಎಂದು ಸರ್ವಿಸ್‌ಗೆ ಬರುವ ಎಷ್ಟೋ ಕಂಪ್ಯೂಟರುಗಳಿಗೆ ಹಿಡಿದಿರುವುದು ಆ್ಯಂಟಿವೈರಸ್ಸೇ. ಲ್ಯಾಪ್‌ಟಾಪ್ ಜತೆ ಬಂದ ಟ್ರಯಲ್ ಒಂದು, ಅಂಗಡಿಯಲ್ಲಿ ಹಾಕಿಕೊಟ್ಟದ್ದು ಒಂದು, ಮಗ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದು ಇನ್ನೊಂದು. ನೀವು ಒಂದು ಫೈಲ್ ತೆರೆದರೆ ಮೂರೂ ಅದನ್ನು ತಪಾಸಣೆ ಮಾಡಲು ಮುಗಿಬೀಳುತ್ತವೆ. ಒಂದು ಹಿಡಿದಿಟ್ಟ ವೈರಸ್ ಫೈಲನ್ನು ಇನ್ನೊಂದು ಹೊಸ ವೈರಸ್ ಎಂದು ಕೂಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಆದರಂತೂ ವರ್ಡ್ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಯಾವುದನ್ನು ಆರಿಸಬೇಕು?

ಇದು ಸುಲಭದ ಭಾಗ. ವಿಂಡೋಸ್ 10 ಅಥವಾ 11 ಇದ್ದರೆ ಅದರೊಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ದುಡ್ಡಿಲ್ಲ, ಜಾಹೀರಾತಿಲ್ಲ, ‘ರಿನ್ಯೂ ಮಾಡಿ’ ಎಂಬ ಪೀಡೆಯಿಲ್ಲ. ನಂಬಿಕೆ ಬಾರದಿದ್ದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಪ್ರಯೋಗಾಲಯಗಳ ಫಲಿತಾಂಶ ನೋಡಿ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಮೂರಕ್ಕೂ ತಲಾ 6ರಂತೆ 18 ಅಂಕ ಕೊಡುತ್ತದೆ. ‘2025ರ ಟಾಪ್ 10’ ಎಂಬ ಯೂಟ್ಯೂಬ್ ವಿಡಿಯೊಗಳನ್ನು ನೋಡಲೇಬೇಡಿ. ಬಹಳಷ್ಟರ ಕೆಳಗೆ ಕಮಿಷನ್ ಲಿಂಕ್ ಇರುತ್ತದೆ.

ಬೇರೆಯದೇ ಬೇಕು ಎನ್ನುವವರಿಗೆ ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿ ಇದೆ. ಅವಾಸ್ಟ್, ಎವಿಜಿ, ಅವೀರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಅವಾಸ್ಟ್ ತೆಗೆದು ಎವಿಜಿ ಹಾಕಿದರೆ ಮನೆ ಬದಲಾಯಿತೇ ಹೊರತು ಮಾಲೀಕರು ಬದಲಾಗಲಿಲ್ಲ. ಬಳಕೆದಾರರು ಯಾವ ವೆಬ್‌ಸೈಟ್ ನೋಡಿದರು ಎಂಬ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ ಮೇಲೆ 1.65 ಕೋಟಿ ಡಾಲರ್ ಹೊರಿಸಿತು. ಉಚಿತ ಎಂದು ಹಾಕಿಕೊಳ್ಳುವಾಗ ಇದು ನೆನಪಿರಲಿ.

ವಿಂಡೋಸ್ 7 ಇಟ್ಟುಕೊಂಡವರಿಗೆ ಯಾವ ಆ್ಯಂಟಿವೈರಸ್ಸೂ ಪರಿಹಾರವಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ ತನಕ ತಳ್ಳಬಹುದು. 11ಕ್ಕೆ ಏರದ ಹಳೆಯ ಯಂತ್ರದಲ್ಲಿ ಪಹಣಿ ತೆಗೆಯುವುದು, ಮೇಲ್ ನೋಡುವುದು ಇಷ್ಟೇ ಕೆಲಸವಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ.

ಹಳೆಯದನ್ನು ತೆಗೆಯುವುದು

ಎಲ್ಲರೂ ಎಡವುವುದು ಇಲ್ಲೇ. ಡೆಸ್ಕ್‌ಟಾಪ್ ಮೇಲಿನ ಐಕಾನ್ ಡಿಲೀಟ್ ಮಾಡಿ ‘ತೆಗೆದೆ’ ಎನ್ನುವವರಿದ್ದಾರೆ. ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ ಫೋಲ್ಡರನ್ನೇ ಅಳಿಸಹೋಗುವವರು ಇನ್ನೂ ಅಪಾಯಕಾರಿ. ಆ್ಯಂಟಿವೈರಸ್ ಎಂಬುದು ಒಂದು ಫೋಲ್ಡರಿನಲ್ಲಿ ಕೂತಿರುವುದಿಲ್ಲ. ಫೈಲ್ ತೆರೆಯುವ ದಾರಿಯಲ್ಲೊಂದು, ಇಂಟರ್‌ನೆಟ್ ಬರುವ ದಾರಿಯಲ್ಲೊಂದು ಡ್ರೈವರ್ (ವಿಂಡೋಸ್ ಒಳಗೇ ಸೇರಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಸೇರಿಸಿರುತ್ತದೆ. ಫೋಲ್ಡರ್ ಹೋಗಿ ಡ್ರೈವರ್ ಉಳಿದರೆ ವೈಫೈ ಕನೆಕ್ಟ್ ಆಗಿದೆ ಎಂದು ತೋರಿಸುತ್ತದೆ, ಪೇಜ್ ಮಾತ್ರ ತೆರೆಯುವುದಿಲ್ಲ.

ಮೊದಲು ಏನೇನಿದೆ ನೋಡಿ. ಸ್ಟಾರ್ಟ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆದು, ಸೆಟ್ಟಿಂಗ್ಸ್‌ನೊಳಗಿನ ಮ್ಯಾನೇಜ್ ಪ್ರೊವೈಡರ್ಸ್ ಒತ್ತಿ. ಆ್ಯಂಟಿವೈರಸ್, ಫೈರ್‌ವಾಲ್ (ನೆಟ್ ಸಂಪರ್ಕದ ಕಾವಲುಗಾರ) ಎರಡರ ಪಟ್ಟಿಯೂ ಅಲ್ಲಿದೆ. ಅವಧಿ ಮುಗಿದ ಟ್ರಯಲ್ ಇಲ್ಲಿ ಕಂಡರೆ ಅಸಲಿ ಕಳ್ಳ ಸಿಕ್ಕಿದ ಹಾಗೆ. ಅದು ಹೊಸ ವೈರಸ್ಸನ್ನು ಗುರುತಿಸುವುದಿಲ್ಲ, ಎಷ್ಟೋ ಸಲ ಡಿಫೆಂಡರ್ ಎದ್ದೇಳುವುದಕ್ಕೂ ಬಿಡುವುದಿಲ್ಲ.

ಮುಂದಿನ ಕೆಲಸವನ್ನು ಇದೇ ಕ್ರಮದಲ್ಲಿ ಮಾಡಿ:

1. ಆ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಅದರ ರಿಮೂವಲ್ ಟೂಲ್ ಇಳಿಸಿಟ್ಟುಕೊಳ್ಳಿ. ಮೆಕಾಫಿಯದ್ದಕ್ಕೆ ಎಂಸಿಪಿಆರ್ ಎಂದೂ ಎವಿಜಿಯದ್ದಕ್ಕೆ ಎವಿಜಿ ಕ್ಲಿಯರ್ ಎಂದೂ ಹೆಸರು. ನೆಟ್ ಕೈಕೊಟ್ಟ ಮೇಲೆ ಇಳಿಸಲಾಗದು, ಅದಕ್ಕೇ ಮೊದಲು. ಗೂಗಲ್‌ನಲ್ಲಿ ಮೇಲೆ ಬರುವ ‘ಸ್ಪಾನ್ಸರ್ಡ್’ ಲಿಂಕ್ ಒತ್ತಬೇಡಿ.

2. ಸೆಟ್ಟಿಂಗ್ಸ್, ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ‘50% ರಿಯಾಯಿತಿ ಕೊಡುತ್ತೇವೆ, ಹೋಗಬೇಡಿ’ ಎಂದು ಅಂಗಲಾಚುತ್ತದೆ. ಒಂದೇ ಕಂಪನಿಯ ವಿಪಿಎನ್, ಕ್ಲೀನರ್, ಬ್ರೌಸರ್ ಬೇರೆ ಬೇರೆ ಹೆಸರಿನಲ್ಲಿದ್ದರೆ ಅವನ್ನೂ ಕೀಳಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಇನ್ನೊಂದು.

3. ಈಗ ರಿಮೂವಲ್ ಟೂಲ್ ಓಡಿಸಿ. ಕೆಲವು ಟೂಲ್‌ಗಳು ಸೇಫ್ ಮೋಡ್ (ಅತ್ಯಗತ್ಯ ಭಾಗಗಳಷ್ಟೇ ಏಳುವ ವಿಂಡೋಸ್) ಕೇಳುತ್ತವೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ 4 ಒತ್ತಿದರೆ ಸೇಫ್ ಮೋಡ್. ಹೊಸ ಲ್ಯಾಪ್‌ಟಾಪ್‌ಗಳು ಇಲ್ಲಿ ಡಿಸ್ಕಿಗೆ ಹಾಕಿದ ಬೀಗ ತೆರೆಯುವ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳುವುದುಂಟು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಮುಂಚೆಯೇ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಪರದಾಡಿ ಪ್ರಯೋಜನವಿಲ್ಲ.

4. ರೀಸ್ಟಾರ್ಟ್ ಆದ ಮೇಲೆ ಮತ್ತೆ ಮ್ಯಾನೇಜ್ ಪ್ರೊವೈಡರ್ಸ್ ನೋಡಿ. ಡಿಫೆಂಡರ್ ಒಂದೇ ಇರಬೇಕು, ಆನ್ ಆಗಿರಬೇಕು. ನೆಟ್ ಬರದಿದ್ದರೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ರೀಸೆಟ್ ಕೊಡಿ. ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕಾಗಬಹುದು.

ಎಕ್ಸ್‌ಕ್ಲೂಷನ್ ಪಟ್ಟಿ

ಡಿಫೆಂಡರ್ ಹಸಿರು ಟಿಕ್ ತೋರಿಸಿತೆಂದು ಏಳಬೇಡಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ಕೆಳಕ್ಕೆ ಹೋದರೆ ಎಕ್ಸ್‌ಕ್ಲೂಷನ್ಸ್ ಇದೆ. ‘ಇವನ್ನು ತಪಾಸಣೆ ಮಾಡಬೇಡ’ ಎಂಬ ಪಟ್ಟಿ ಇದು. ಮನೆಯ ಕಂಪ್ಯೂಟರಿನಲ್ಲಿ ಖಾಲಿ ಇರಬೇಕು. ಕದ್ದ ವಿಂಡೋಸ್, ಕದ್ದ ಆಫೀಸ್ ಹಾಕಲು ಬಳಸುವ ಆ್ಯಕ್ಟಿವೇಟರ್‌ಗಳು ತಮ್ಮ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಇಲ್ಲಿ ಸೇರಿಸಿಬಿಡುತ್ತವೆ. ಆಗ ಟಿಕ್ ಹಸಿರಾಗಿಯೇ ಇರುತ್ತದೆ, ಡಿಫೆಂಡರ್ ಮಾತ್ರ ಕಣ್ಣು ಮುಚ್ಚಿಕೊಂಡಿರುತ್ತದೆ. ಇದ್ದದ್ದನ್ನೆಲ್ಲ ತೆಗೆದು, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಬೇಕು. ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರುಮಾಡಿ.

‘ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ನಿಯಂತ್ರಣದಲ್ಲಿದೆ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬಂದರೆ? ಆಫೀಸಿನ ಕಂಪ್ಯೂಟರಿನಲ್ಲಿ ಅದು ಸಹಜ. ಮನೆಯದರಲ್ಲಿ ಬಂದರೆ ಯಾರೋ, ಯಾವುದೋ ಡಿಫೆಂಡರ್‌ನ ಕೈ ಕಟ್ಟಿಹಾಕಿದೆ ಎಂದೇ ತಿಳಿಯಿರಿ. ರಿಜಿಸ್ಟ್ರಿ ಕೆದಕುತ್ತಾ ಕೂರುವ ಬದಲು 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇಳಿಸಿ, ಫೈಲುಗಳ ಬ್ಯಾಕಪ್ ತೆಗೆದು, ಹೊಸದಾಗಿ ಹಾಕುವುದೇ ವಾಸಿ.

ಉಳಿದ ಸೆಟ್ಟಿಂಗ್‌ಗಳು: ರಿಯಲ್‌ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್‌ನೊಳಗೆ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಕೂಡ ಆನ್. ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ತಡೆಯಲು ಒಳ್ಳೆಯದೇ. ಆದರೆ ಅದಕ್ಕೆ ಪರಿಚಯವಿಲ್ಲದ ಸಾಫ್ಟ್‌ವೇರ್ ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಮಾಡಲು ಬಿಡುವುದಿಲ್ಲ. ನುಡಿ, ಬರಹದ ಫೈಲ್ ಸೇವ್ ಆಗದೇ ಹೋದರೆ ಅವನ್ನು ‘ಅಲೋ’ ಪಟ್ಟಿಗೆ ಸೇರಿಸಿ.

ತೋಟದ ಮನೆಗಳಲ್ಲಿ ಇನ್ನೊಂದು ಎಡವಟ್ಟಿದೆ. ಮೊಬೈಲ್ ಹಾಟ್‌ಸ್ಪಾಟ್‌ನ ಡೇಟಾ ಉಳಿಸಲು ಮೀಟರ್ಡ್ ಕನೆಕ್ಷನ್ ಆನ್ ಮಾಡಿರುತ್ತಾರೆ. ಆಗ ಡಿಫೆಂಡರ್ ತಾನಾಗಿ ಅಪ್‌ಡೇಟ್ ಆಗದೆ ವಾರಗಟ್ಟಲೆ ಹಿಂದೆ ಬೀಳಬಹುದು. ಪ್ರೊಟೆಕ್ಷನ್ ಅಪ್‌ಡೇಟ್ಸ್‌ಗೆ ಹೋಗಿ ‘ಚೆಕ್ ಫಾರ್ ಅಪ್‌ಡೇಟ್ಸ್’ ಅನ್ನು ಕೈಯಿಂದಲೇ ಒತ್ತಿ. ಸಿಗ್ನಲ್ಲೇ ಇಲ್ಲದ ಕಡೆ, ಪೇಟೆಗೆ ಹೋದಾಗ ಮೈಕ್ರೋಸಾಫ್ಟ್ ಸೈಟಿನಿಂದ ಪೂರ್ತಿ ಅಪ್‌ಡೇಟ್ ಫೈಲನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬರಬಹುದು. ಅದು 100 ಎಂಬಿ ದಾಟುತ್ತದೆ.

ಫೈರ್‌ವಾಲ್

2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದಲೂ ವಿಂಡೋಸ್ ಫೈರ್‌ವಾಲ್ ಹುಟ್ಟಿನಿಂದಲೇ ಆನ್. ಆಫ್ ಆಗಿದ್ದರೆ ಯಾರೋ ಮಾಡಿದ್ದು, ಬಹುತೇಕ ಪ್ರಿಂಟರ್ ಶೇರ್ ಆಗಲಿಲ್ಲವೆಂದು. ಅದಕ್ಕೆ ಮದ್ದು ಬೇರೆ ಇದೆ: ಮನೆಯ ವೈಫೈ ಪ್ರಾಪರ್ಟೀಸ್‌ನಲ್ಲಿ ನೆಟ್‌ವರ್ಕನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ. ಹೋಮ್‌ಸ್ಟೇ, ಬಸ್ ನಿಲ್ದಾಣ, ಹೋಟೆಲ್ ವೈಫೈಗಳು ಪಬ್ಲಿಕ್ ಆಗಿಯೇ ಇರಲಿ.

ಈ ಫೈರ್‌ವಾಲ್ ಒಳಬರುವುದನ್ನು ತಡೆಯುತ್ತದೆ, ಹೊರಹೋಗುವುದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಅದೂ ಬೇಕೆಂದರೆ ಟೈನಿವಾಲ್ ಹಾಕಿ. ಉಚಿತ, ಪುಟ್ಟದು, ಮಾತುಮಾತಿಗೆ ಪಾಪ್‌ಅಪ್ ತೋರಿಸುವುದಿಲ್ಲ. ಹಾಕಿದ ಕೂಡಲೇ ಹಲವು ಪ್ರೋಗ್ರಾಂಗಳ ನೆಟ್ ನಿಲ್ಲುತ್ತದೆ, ಹೆದರಬೇಡಿ. ಗಡಿಯಾರದ ಪಕ್ಕದ ಐಕಾನ್ ಒತ್ತಿ ನಿಮಗೆ ಬೇಕಾದವಕ್ಕೆ ಒಂದೊಂದಾಗಿ ಅನುಮತಿ ಕೊಡಿ. ಪ್ರತಿಯೊಂದಕ್ಕೂ ‘ಬಿಡಲೇ, ಬೇಡವೇ’ ಎಂದು ಕೇಳುವ ಫೈರ್‌ವಾಲ್‌ಗಳು ಮನೆಗೆ ಬೇಡ. ಎರಡನೇ ದಿನದಿಂದ ಎಲ್ಲರೂ ಓದದೆ ‘ಅಲೋ’ ಒತ್ತುತ್ತಾರೆ.

ಮೂಲೆಯಲ್ಲಿ ಬರುವ ಸುಳ್ಳು ಎಚ್ಚರಿಕೆ

ಇಷ್ಟಾದ ಮೇಲೂ ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಆ್ಯಂಟಿವೈರಸ್ ಅವಧಿ ಮುಗಿದಿದೆ, 5 ವೈರಸ್ ಸಿಕ್ಕಿವೆ’ ಎಂದು ಬರುತ್ತಿದ್ದರೆ ಅದರಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರೂ ಯಾವುದೋ ವೆಬ್‌ಸೈಟಿನ ಹೆಸರೂ ಸಣ್ಣಗೆ ಇದೆಯೇ ನೋಡಿ. ಇದ್ದರೆ ಅದು ಬ್ರೌಸರ್ ನೋಟಿಫಿಕೇಷನ್. ಸಿನಿಮಾ ಡೌನ್‌ಲೋಡ್ ಮಾಡುವಾಗ ಎಲ್ಲೋ ‘ಅಲೋ’ ಒತ್ತಿದ್ದರ ಫಲ. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಗುರುತಿಲ್ಲದ ಸೈಟ್‌ಗಳನ್ನೆಲ್ಲ ತೆಗೆದರೆ ನಿಲ್ಲುತ್ತದೆ.

ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ರಿಮೋಟ್ ಸಾಫ್ಟ್‌ವೇರ್ ಹಾಕಿಯೂ ಆಗಿದ್ದರೆ ಮೊದಲು ರೂಟರ್ ಆಫ್ ಮಾಡಿ. ಮೊಬೈಲಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಲ್ಲಿ ಬದಲಿಸಿ. ಕಂಪ್ಯೂಟರನ್ನು ಮತ್ತೆ ನೆಟ್‌ಗೆ ಸೇರಿಸುವುದು ಆ ರಿಮೋಟ್ ಸಾಫ್ಟ್‌ವೇರ್ ಕಿತ್ತು, ಆಫ್‌ಲೈನ್ ಸ್ಕ್ಯಾನ್ ಮುಗಿದ ಮೇಲೆಯೇ.