ಪುಟ್ಟ ನೋಟ್‌ಬುಕ್‌ನ ರಟ್ಟು ಬಾಗುವುದು ನಿಂತಿದ್ದು ಹೀಗೆ

ಕೈಯಾರೆ ಮಾಡಿದ್ದನ್ನು ಒಬ್ಬರಿಗೊಬ್ಬರು ಕೊಟ್ಟು ತಗೊಳ್ಳೋ ವಿನಿಮಯಕ್ಕೆ ಅಂಗೈ ಅಗಲದ ನೋಟ್‌ಬುಕ್ ಮಾಡುವವರಿಗೆ ಇದು. ರಟ್ಟಿಗೆ ಬಣ್ಣದ ಕಾಗದ ಅಂಟಿಸಿದಾಗ ನೆಟ್ಟಗೇ ಇರುತ್ತಿತ್ತು. ಬೆಳಗಾಗುವಷ್ಟರಲ್ಲಿ ಅಂಚು ಹೊರಕ್ಕೆ ಬಾಗಿ ಪುಸ್ತಕ ಬಾಯಿ ಬಿಟ್ಟಿರುತ್ತಿತ್ತು.

ದಪ್ಪ ರಟ್ಟು ಹಾಕಿದೆ, ಆಗಲಿಲ್ಲ. ಅಂಟು ಕಮ್ಮಿ ಮಾಡಿದರೆ ಮೂಲೆಗಳು ಎದ್ದವು. ಇಸ್ತ್ರಿ ಒತ್ತಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿತು.

ಕೊನೆಗೆ ಸರಿಹೋಗಿದ್ದು ನಾರಿನ ದಿಕ್ಕು ನೋಡಿ ಕತ್ತರಿಸಿದ ಮೇಲೆ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಅಂಟಿನ ನೀರು ತಾಗಿದರೆ ಕಾಗದ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ದಿಕ್ಕು ತಿಳಿಯೋದು ಸುಲಭ. ಹಾಳೆಯನ್ನು ಗೆರೆ ಬೀಳದಂತೆ ಸುಮ್ನೆ ಬಾಗಿಸಿ, ಅಂಗೈಯಿಂದ ಒತ್ತಿ ನೋಡಿ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಮೆತ್ತಗೆ ಬಾಗಿದ ಕಡೆ ಮಡಿಕೆ ಯಾವ ದಿಕ್ಕಿಗೆ ಉದ್ದವಾಗಿರುತ್ತದೋ ಅದೇ ನಾರಿನ ದಿಕ್ಕು. ಅನುಮಾನ ಇದ್ದರೆ ಸಣ್ಣ ಚೌಕದ ಒಂದೇ ಬದಿ ಒದ್ದೆ ಮಾಡಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ನಾರು ಆ ಕೊಳವೆಯ ಉದ್ದಕ್ಕೇ ಇರುತ್ತದೆ.

ಹೊದಿಕೆಯ ಬಣ್ಣದ ಕಾಗದ, ರಟ್ಟು, ಒಳಹಾಳೆ (ರಟ್ಟಿನ ಒಳಬದಿಗೆ ಅಂಟಿಸುವ ಕಾಗದ), ಮೂರರ ನಾರೂ ಪುಸ್ತಕದ ಬೆನ್ನಿನುದ್ದಕ್ಕೇ ಬರಬೇಕು. ರಟ್ಟಿಗೂ ನಾರಿದೆ, ಅದನ್ನೇ ಜಾಸ್ತಿ ಜನ ನೋಡಲ್ಲ.

ಆಮೇಲೆ ಕ್ರಮ. ಬಿಳಿ ಅಂಟನ್ನು ಕಾಗದಕ್ಕೇ ಹಚ್ಚಿ, ತೆಳ್ಳಗೆ, ನಡುವಿನಿಂದ ಅಂಚಿನ ಕಡೆಗೆ. ಹೊದಿಕೆ ಅಂಟಿಸಿದ ಕೂಡಲೇ ಒಳಹಾಳೆಯನ್ನೂ ಅಂಟಿಸಿ. ಎರಡೂ ಬದಿ ಒಟ್ಟಿಗೆ ಒಣಗಿದರೆ ಎಳೆತ ಸಮ ಆಗುತ್ತದೆ, ಅಲ್ವಾ? ರಟ್ಟಿನ ಒಳಗೂ ಹೊರಗೂ ಮೇಣದ ಕಾಗದ ಇಟ್ಟು, ಭಾರವಾದ ಪುಸ್ತಕಗಳ ಕೆಳಗೆ 24 ಗಂಟೆ ಬಿಡಿ. ಮುಟ್ಟಿದರೆ ಇನ್ನೂ ತಣ್ಣಗಿದ್ದರೆ ಒಣಗಿಲ್ಲ ಅಂತ ಅರ್ಥ, ಇನ್ನೊಂದು ರಾತ್ರಿ ಇಡಿ.